ಹಠಮಾರಿ ನಾಯಿಗೆ ತಕ್ಕ ಮನೆ ಹುಡುಕುವುದು ಹೇಗೆ?

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಸುಮ್ಮನೆ ಹಣ ಎಣಿಸುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಹಾಯುತ್ತದೆಯೇ, ಒದೆಯುತ್ತದೆಯೇ, ನೊಗದ ಎಡಕ್ಕೆ ಪಳಗಿದೆಯೋ ಬಲಕ್ಕೆ ಪಳಗಿದೆಯೋ ಎಂದು ವಿಚಾರಿಸುತ್ತಾನೆ. ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಹೂಡಿದರೆ ಅದು ಮೊಂಡು ಹಿಡಿಯುತ್ತದೆ. ಆಗ ತಪ್ಪು ಎತ್ತಿನದಲ್ಲ, ಹೂಡಿದವನದು. ಇಷ್ಟೆಲ್ಲ ಬಲ್ಲ ನಾವು ನಾಯಿಯ ವಿಷಯದಲ್ಲಿ ಮಾತ್ರ ಏನನ್ನೂ ಕೇಳದೆ ತರುತ್ತೇವೆ, ಏನನ್ನೂ ಹೇಳದೆ ಕೊಡುತ್ತೇವೆ. ತೊಂದರೆಯಾದರೆ ರಾತ್ರಿ ಗಾಡಿಯಲ್ಲಿ ಹಾಕಿಕೊಂಡು ಹೋಗಿ ಊರಾಚೆ ಬಿಟ್ಟು ಬರುತ್ತೇವೆ.

ಹೀಗೆ ಬಿಟ್ಟ ಮಾತ್ರಕ್ಕೆ ತೊಂದರೆ ಮುಗಿಯುವುದಿಲ್ಲ, ಅದು ಊರು ಬದಲಾಯಿಸುತ್ತದೆ ಅಷ್ಟೆ. ಹಸಿದ ನಾಯಿ ಇನ್ನೊಂದು ಊರಿನ ಕುರಿಹಟ್ಟಿಗೆ ನುಗ್ಗುತ್ತದೆ, ಇಲ್ಲವೆ ಶಾಲೆಗೆ ಹೋಗುವ ಮಗುವಿನ ಕಾಲು ಹಿಡಿಯುತ್ತದೆ. ಅನ್ನ ನೀರಿಲ್ಲದೆ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಹಾಗಾದರೆ ಕಾಟ ಕೊಡುವ ನಾಯಿಯನ್ನು ಏನು ಮಾಡಬೇಕು? ಅದರ ಗುಣಕ್ಕೆ ಹೊಂದುವ ಮನೆಯನ್ನು ಹುಡುಕಬೇಕು. ಇದು ಕಷ್ಟವಾದರೂ ಸಾಧ್ಯವಿರುವ ಕೆಲಸ.

ನಾವು ಕಂಡ ಒಂದು ನಾಯಿ

ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ರೈತರಿಗೆ ಹೆದ್ದಾರಿಯ ಬದಿಯಲ್ಲಿ ಒಂದು ಹೆಣ್ಣು ನಾಯಿ ಸಿಕ್ಕಿತು. ಉದ್ದ ಮೂತಿ, ಸಣ್ಣ ನಡು, ನೀಳ ಕಾಲು. ನೋಡಿದೊಡನೆ ಮುಧೋಳ ತಳಿಯದೆಂದು ತಿಳಿಯುವಂತಿತ್ತು. ಕೊರಳಲ್ಲಿ ಹಗ್ಗ ಕೊರೆದ ಗಾಯವಿತ್ತು. ಕನಿಕರದಿಂದ ಮನೆಗೆ ತಂದರು. ಅವರದು ಅವಿಭಕ್ತ ಕುಟುಂಬ. ಸಣ್ಣ ಮಕ್ಕಳು, ಹಿತ್ತಲ ತುಂಬ ಕೋಳಿ, ಹಟ್ಟಿಯಲ್ಲಿ ಕುರಿ ಎಲ್ಲವೂ ಇದ್ದವು. ತಿಂಗಳೊಳಗೆ ನಾಯಿ ನಾಲ್ಕು ಕೋಳಿ ಕೊಂದಿತು. ಪಕ್ಕದವರ ಕುರಿಮರಿಯನ್ನು ಅಟ್ಟಿಸಿಕೊಂಡು ಹೋಯಿತು. ಒಂದು ದಿನ ಅದು ರೊಟ್ಟಿ ತಿನ್ನುತ್ತಿದ್ದಾಗ ಐದು ವರ್ಷದ ಮೊಮ್ಮಗ ಹತ್ತಿರ ಹೋದ. ಅವನ ಮುಂಗೈಗೆ ಹಲ್ಲು ತಾಗಿತು. ಮಗುವನ್ನು ಆಸ್ಪತ್ರೆಗೆ ಒಯ್ದು ಚುಚ್ಚುಮದ್ದು ಕೊಡಿಸಿದ ಮೇಲೆ ರೈತರು ನಮ್ಮಲ್ಲಿಗೆ ಬಂದರು. "ಇದಕ್ಕೊಂದು ಗತಿ ಕಾಣಿಸ್ರಿ ಡಾಕ್ಟರೇ, ಇಲ್ಲಾಂದ್ರ ಎಲ್ಲ್ಯಾರ ಬಿಟ್ಟು ಬರ್ತೀನಿ" ಎಂದರು. ಅವರ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ.

ನಾಯಿ ಹೀಗಾಗುವುದು ಏಕೆ?

ಮೊದಲನೆಯದು ತಳಿಯ ಗುಣ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಮೂಗಿಗಿಂತ ಕಣ್ಣನ್ನು ನಂಬುವ ಬೇಟೆ ನಾಯಿ. ದೂರದಲ್ಲಿ ಓಡುವುದೇನಾದರೂ ಕಂಡರೆ ಬೆನ್ನಟ್ಟುವುದು ಅದರ ರಕ್ತದಲ್ಲೇ ಇದೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಮುಂದೆ ಸೇನೆಯೂ ಈ ತಳಿಯ ಮರಿಗಳನ್ನು ಒಯ್ದು ತರಬೇತಿ ಕೊಟ್ಟಿತು. ಹೆಸರು ಬಂದಂತೆ ಪೇಟೆಯವರೂ ಕೊಳ್ಳತೊಡಗಿದರು. ಓಡಲು ಹುಟ್ಟಿದ ನಾಯಿಯನ್ನು ಮೋಟುಸರಪಳಿಯಲ್ಲಿ ಕಟ್ಟಿದರೆ ಅದು ಬಾಗಿಲು ಕೆರೆಯುತ್ತದೆ, ಹಗಲಿರುಳು ಬೊಗಳುತ್ತದೆ. ಆಗ ರಸ್ತೆಬದಿಯೇ ಅದರ ಪಾಲಿಗೆ ಗತಿಯಾಗುತ್ತದೆ.

ಎರಡನೆಯದು ಮರಿಗಾಲದ ಅನುಭವ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಮೂರು ತಿಂಗಳವರೆಗೆ ಮರಿ ಏನನ್ನು ಕಂಡು ಬೆಳೆಯುತ್ತದೆಯೋ ಅದನ್ನು ತನ್ನದೆಂದು ತಿಳಿಯುತ್ತದೆ. ಆ ಕಾಲದಲ್ಲಿ ಮಕ್ಕಳನ್ನು, ದನಕರುಗಳನ್ನು ಕಾಣದ ಮರಿ ಮುಂದೆ ಅವುಗಳಿಗೆ ಹೆದರುತ್ತದೆ. ಕಚ್ಚುವ ನಾಯಿಗಳಲ್ಲಿ ಅನೇಕವು ಹೆದರಿಕೆಯಿಂದಲೇ ಕಚ್ಚುತ್ತವೆ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬಿಡಿಸಿದ ಮರಿಗೆ ಹಲ್ಲಿನ ಹಿಡಿತ ತಿಳಿದಿರುವುದಿಲ್ಲ.

ಮೂರನೆಯದು ನೋವು ಮತ್ತು ಹಸಿವು. ಕಿವಿಯಲ್ಲಿ ಕೀವು, ಹಳೆಯ ಗಾಯ, ಮೈತುಂಬ ಉಣ್ಣೆ ಇದ್ದಾಗ ಮುಟ್ಟಿದರೆ ಸಾಧು ನಾಯಿಯೂ ಗುರ್ರೆನ್ನುತ್ತದೆ. ಬೀದಿಯಲ್ಲಿ ಹಸಿದ ನಾಯಿ ಅನ್ನದ ತಟ್ಟೆಯನ್ನು ಜೀವದಂತೆ ಕಾಯುತ್ತದೆ.

ಮೊದಲು ಪಶುವೈದ್ಯರಲ್ಲಿಗೆ

ಗೊತ್ತಿಲ್ಲದ ನಾಯಿಯನ್ನು ತಂದವರು ಮೊದಲು ಪಶು ಆಸ್ಪತ್ರೆಗೆ ಒಯ್ಯಬೇಕು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸುತ್ತಿರಬೇಕು. ಜಂತುಹುಳುವಿನ ಔಷಧಿ ಕೊಡಿಸಬೇಕು. ಕುರಿ ಮೇಕೆಗಳ ಹಸಿ ಕರುಳು, ಪುಪ್ಪುಸ ತಿನ್ನಿಸಬಾರದು; ಅದರಿಂದ ನಾಯಿಗೆ ತಗಲುವ ಒಂದು ಬಗೆಯ ಲಾಡಿಹುಳು ಮನುಷ್ಯರಿಗೂ ಅಪಾಯಕಾರಿ.

ಹುಚ್ಚುನಾಯಿ ರೋಗ ಮೈಯೊಳಗೆ ಹೊಕ್ಕಮೇಲೆ ಹೊರಗೆ ಕಾಣಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ತಂದ ದಿನ ಚೆನ್ನಾಗಿತ್ತೆಂದು ಎಚ್ಚರ ತಪ್ಪಬಾರದು. ಇದ್ದಕ್ಕಿದ್ದಂತೆ ಸ್ವಭಾವ ಬದಲಾಗುವುದು, ಜೊಲ್ಲು ಸುರಿಯುವುದು, ಕೂಗು ಒಡೆಯುವುದು, ನುಂಗಲು ಆಗದಿರುವುದು, ಹಿಂಗಾಲು ಎಳೆಯುವುದು ಕಂಡರೆ ಮುಟ್ಟದೆ ಕೂಡಲೆ ಪಶುವೈದ್ಯರಿಗೆ ತಿಳಿಸಬೇಕು. ಇದು ನಡತೆಯ ಪ್ರಶ್ನೆಯಲ್ಲ, ರೋಗದ ಪ್ರಶ್ನೆ.

ಮೇಲೆ ಹೇಳಿದ ನಾಯಿಯನ್ನು ಕಚ್ಚಿದ ದಿನದಿಂದ ಹತ್ತು ದಿನ ಪ್ರತ್ಯೇಕವಾಗಿ ಕಟ್ಟಿ ನೋಡಿದೆವು. ಅದು ಆರೋಗ್ಯವಾಗಿಯೇ ಇತ್ತು. ಕೊರಳಿನ ಗಾಯದ ಜೊತೆಗೆ ಬಲಗಿವಿಯಲ್ಲಿ ಕೀವಿತ್ತು. ಚಿಕಿತ್ಸೆ ಮಾಡಿದ ಮೇಲೆ ತಲೆ ಮುಟ್ಟಿಸಿಕೊಳ್ಳತೊಡಗಿತು. ಅರ್ಧ ಸಿಟ್ಟು ನೋವಿನದಾಗಿತ್ತು. ಉಳಿದರ್ಧ, ಎಂದರೆ ಕೋಳಿ, ಕುರಿ ಮತ್ತು ತಟ್ಟೆಯ ವಿಷಯ, ಹಾಗೆಯೇ ಉಳಿಯಿತು.

ಹೊಡೆದು ತಿದ್ದಲಾಗದು

ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟುವ ಪದ್ಧತಿ ಕೆಲವೆಡೆ ಇದೆ. ಇದರಿಂದ ನಾಯಿ ಏನನ್ನೂ ಕಲಿಯುವುದಿಲ್ಲ. ಗುರ್ರೆಂದ ನಾಯಿಗೆ ಹೊಡೆಯುವುದಂತೂ ದೊಡ್ಡ ತಪ್ಪು. ಗುರ್ರೆನ್ನುವುದು ಅದು ಕೊಡುವ ಎಚ್ಚರಿಕೆ. ಹೊಡೆದು ಆ ಎಚ್ಚರಿಕೆಯನ್ನು ಅಡಗಿಸಿದರೆ ಮುಂದೆ ಅದು ಸದ್ದಿಲ್ಲದೆ ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನೂ ನಂಬಿ ಕೂಡಬಾರದು. ಮೈ ಬಿಗಿಹಿಡಿದು, ಕಣ್ಣು ಕೀಲಿಸಿ, ತುಟಿ ಎತ್ತಿ ನಿಂತರೆ ದೂರ ಸರಿಯಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಅಲೆದಾಟ ಮತ್ತು ಗಂಡುಗಳ ಕಾದಾಟ ಕಡಿಮೆಯಾಗುತ್ತವೆ, ಬೇಡದ ಮರಿಗಳೂ ತಪ್ಪುತ್ತವೆ. ಆದರೆ ಹೆದರಿಕೆಯಿಂದ ಕಚ್ಚುವ ಚಾಳಿ ಅದೊಂದರಿಂದಲೇ ಹೋಗುವುದಿಲ್ಲ.

ಗುಣ ನೋಡಿ ಮನೆ ನೋಡಿ

ನಾಯಿಯನ್ನು ಎರಡು ಮೂರು ವಾರ ಗಮನಿಸಿ ಅದರ ಗುಣದೋಷಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾರನ್ನು ಕಂಡರೆ ಹೆದರುತ್ತದೆ? ತಿನ್ನುವಾಗ ಹೇಗಿರುತ್ತದೆ? ಕೋಳಿ, ಕುರಿ, ಬೆಕ್ಕು, ಬೈಕು ಕಂಡರೆ ಏನು ಮಾಡುತ್ತದೆ? ಯಾರಿಗಾದರೂ ಕಚ್ಚಿದೆಯೇ, ಯಾವಾಗ, ಎಷ್ಟು ಆಳಕ್ಕೆ? ಬಳಿಕ ಕೆಳಗಿನಂತೆ ಮನೆ ಹುಡುಕಬಹುದು.

1. ಬೆನ್ನಟ್ಟುವ ನಾಯಿಗೆ: ಕೋಳಿ ಕುರಿಗಳಿಲ್ಲದ, ಗಟ್ಟಿ ಬೇಲಿಯಿರುವ, ಓಡಲು ಜಾಗವಿರುವ ತೋಟದ ಮನೆ. ಒಮ್ಮೆ ಕುರಿ ಕೊಂದ ನಾಯಿಯನ್ನು ಕುರಿಗಾರರಿಗೆ ಎಂದೂ ಕೊಡಬಾರದು.

2. ತಟ್ಟೆ ಕಾಯುವ ನಾಯಿಗೆ: ಸಣ್ಣ ಮಕ್ಕಳಿಲ್ಲದ ಮನೆ. ದಿನವೂ ಒಬ್ಬರೇ ಗೊತ್ತಾದ ಜಾಗದಲ್ಲಿ ತಟ್ಟೆ ಇಟ್ಟು ದೂರ ಸರಿಯಬೇಕು.

3. ಅಂಜುಬುರುಕ ನಾಯಿಗೆ: ಆಳುಕಾಳುಗಳ ಓಡಾಟ ಕಡಿಮೆಯಿರುವ, ದಿನಚರಿ ಒಂದೇ ತೆರನಾದ ಮನೆ. ಹಬ್ಬದ ಪಟಾಕಿಗೆ ಬೆದರಿ ಓಡದಂತೆ ಒಳಗೆ ಇರಿಸಿಕೊಳ್ಳುವವರು ಬೇಕು.

4. ಬೇರೆ ನಾಯಿಗಳೊಡನೆ ಕಾದಾಡುವ ನಾಯಿಗೆ: ಅದೊಂದೇ ನಾಯಿ ಇರುವ ಮನೆ.

5. ಒಬ್ಬಂಟಿಯಾದರೆ ಊಳಿಡುವ ನಾಯಿಗೆ: ದಿನವಿಡೀ ಯಾರಾದರೂ ಇರುವ ಮನೆ. ವಾರಕ್ಕೊಮ್ಮೆ ಹೋಗುವ ತೋಟದ ಕಾವಲಿಗೆ ಇಂಥದನ್ನು ಬಿಡಬಾರದು.

ಬೇಟೆಯ ಆಸೆಯಿಂದ ಕೇಳುವವರಿಗೆ ಕೊಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಯಿ ಬಿಟ್ಟು ಮೊಲ ಹಿಡಿಸುವುದೂ ಅಪರಾಧವೇ. ಮುಧೋಳ ತಳಿಯ ಬಗ್ಗೆ ತಿಳಿಯಬೇಕಾದವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವನ್ನು ವಿಚಾರಿಸಬಹುದು.

ಮುಚ್ಚಿಟ್ಟು ಕೊಡಬೇಡಿ

ನಾಯಿಯನ್ನು ಕೊಡುವವರ ಮೊದಲ ಕರ್ತವ್ಯ ನಿಜ ಹೇಳುವುದು. "ಬಹಳ ಸಾಧು" ಎಂದು ಹೇಳಿ ಕಚ್ಚುವ ನಾಯಿಯನ್ನು ದಾಟಿಸಿದರೆ ಮುಂದೆ ಗಾಯಗೊಳ್ಳುವ ಮಗುವಿನ ಪಾಪ ಹೇಳದವರ ತಲೆಗೇ ಬರುತ್ತದೆ. ಹೊಸಬರಿಗೂ ಇದರಿಂದ ನಷ್ಟ. ತಮ್ಮ ನಾಯಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಒಡೆಯರನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಅಡಿಯಲ್ಲಿ ಹೊಣೆ ಮಾಡಬಹುದು. ದೋಷ ಕೇಳಿ ಹಿಂಜರಿಯುವವರು ಹಿಂಜರಿಯಲಿ. ಕೇಳಿದ ಮೇಲೂ ಬೇಕೆನ್ನುವವರೇ ಸರಿಯಾದವರು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕಾರಣವಿಲ್ಲದೆ ಮತ್ತೆ ಮತ್ತೆ ಆಳವಾಗಿ ಕಚ್ಚುವ, ಎಚ್ಚರಿಕೆಯನ್ನೂ ಕೊಡದ ನಾಯಿಯನ್ನು ಯಾರಿಗೂ ಕೊಡಬಾರದು. ಅಂಥದರ ವಿಷಯವನ್ನು ಪಶುವೈದ್ಯರ ತೀರ್ಮಾನಕ್ಕೆ ಬಿಡಬೇಕು. ವಿಷವಿಕ್ಕುವುದು ಕ್ರೂರವೂ ಹೌದು, ಕಾನೂನಿಗೆ ವಿರುದ್ಧವೂ ಹೌದು.

ಹೊಸ ಮನೆಯಲ್ಲಿ

ತೆಗೆದುಕೊಳ್ಳುವವರು ಮೊದಲು ಎರಡು ಮೂರು ಸಲ ಬಂದು ನಾಯಿಯ ಪರಿಚಯ ಮಾಡಿಕೊಳ್ಳಬೇಕು. ಹಳೆಯ ಮನೆಯ ಹಾಸುಗೋಣಿಯನ್ನು ಜೊತೆಗೆ ಕಳಿಸಿದರೆ ವಾಸನೆಯಿಂದ ಧೈರ್ಯವಾಗುತ್ತದೆ. ಮೊದಲ ಮೂರು ದಿನ ನಾಯಿ ಮಂಕಾಗಿರಬಹುದು. ಮೂರು ವಾರಕ್ಕೆ ಮನೆಯ ರೀತಿ ತಿಳಿದು ನಿಜವಾದ ಗುಣ ತೋರುತ್ತದೆ. ಪೂರ್ತಿ ಹೊಂದಿಕೊಳ್ಳಲು ಮೂರು ತಿಂಗಳಾದರೂ ಬೇಕು. ಇದು ಅನುಭವದ ಅಂದಾಜು, ಎಲ್ಲ ನಾಯಿಗಳಿಗೂ ಒಂದೇ ಲೆಕ್ಕವಲ್ಲ. ಅಲ್ಲಿಯವರೆಗೆ ಉದ್ದ ಹಗ್ಗದಲ್ಲಿಯೇ ಹೊರಗೆ ಒಯ್ಯಬೇಕು. ಕಟ್ಟಲೇಬೇಕಾದಾಗ ಎರಡು ಮರಗಳ ನಡುವೆ ತಂತಿ ಎಳೆದು, ಅದರ ಮೇಲೆ ಜಾರುವ ಬಳೆಗೆ ಸರಪಳಿ ಸಿಕ್ಕಿಸಿದರೆ ಅತ್ತಿತ್ತ ಓಡಾಡಬಹುದು. ಕರೆದಾಗ ಬಂದರೆ ಒಂದು ತುಣುಕು ರೊಟ್ಟಿ ಕೊಡಿ. ಹೊಂದದಿದ್ದರೆ ಹಿಂದಕ್ಕೆ ಕೊಡಬಹುದೆಂಬ ಕರಾರು ಮೊದಲೇ ಆಗಿರಲಿ. ಇಲ್ಲವಾದರೆ ನಾಯಿ ಮತ್ತೆ ರಸ್ತೆ ಪಾಲಾಗುತ್ತದೆ.

ಕಚ್ಚಿದರೆ

ಗಾಯವನ್ನು ಕೂಡಲೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಖಾರದಪುಡಿ ಹಚ್ಚಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಬೇಕು. ನಾಯಿಗೆ ಏನಾಗುತ್ತದೋ ನೋಡೋಣವೆಂದು ಕಾಯಬಾರದು. ಹೇಳಿದ ದಿನಗಳಂದು ಎಲ್ಲ ಚುಚ್ಚುಮದ್ದುಗಳನ್ನೂ ತಪ್ಪದೆ ಪಡೆಯಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು.

ಆ ನಾಯಿ ಏನಾಯಿತು?

ನಮ್ಮ ಹೆಣ್ಣು ನಾಯಿಯನ್ನು ಮೊದಲು ಕೇಳಿದವರು ಒಬ್ಬ ಕುರಿಗಾರರು. ಅದರ ಓಟ ಅವರಿಗೆ ಹಿಡಿಸಿತ್ತು. ಕುರಿಮರಿಯ ಸಂಗತಿ ಹೇಳಿದೊಡನೆ ಅವರೇ ಬೇಡವೆಂದರು. ಎರಡನೆಯದಾಗಿ ಪೇಟೆಯ ಒಂದು ಮಹಡಿ ಮನೆಗೆ ಹೋಯಿತು. ಒಂಬತ್ತು ದಿನಕ್ಕೆ ಬಾಗಿಲು ಕೆರೆದು ಹಾಳುಮಾಡಿ ಮರಳಿ ಬಂದಿತು. ಆ ಮನೆಯನ್ನು ನೋಡದೆ ಕೊಟ್ಟದ್ದು ನಮ್ಮದೇ ತಪ್ಪು. ಮೂರನೆಯವರು ದಾಳಿಂಬೆ ತೋಟದಲ್ಲಿ ವಾಸವಾಗಿರುವ ದಂಪತಿಗಳು. ಮಕ್ಕಳು ದೊಡ್ಡವರಾಗಿ ಹೊರಗಿದ್ದಾರೆ, ಕೋಳಿ ಕುರಿ ಇಲ್ಲ, ತೋಟಕ್ಕೆ ಸುತ್ತಲೂ ಬೇಲಿಯಿದೆ. ನಾವು ಬರೆದ ಹಾಳೆಯನ್ನು ಆ ತಾಯಿ ಪೂರ್ತಿ ಓದಿಸಿ ಕೇಳಿದರು. "ಊಟದಾಗ ಯಾರೂ ಕೈ ಹಾಕಬಾರದು, ಅಷ್ಟ ತಾನೆ? ನಮ್ಮ ಮನಿಯವರಿಗೂ ಹಂಗ" ಎಂದು ನಕ್ಕರು. ಮೂರು ಸಲ ಬಂದು ಹೋಗಿ, ನಾಲ್ಕನೆಯ ಸಲ ಕರೆದುಕೊಂಡು ಹೋದರು.

ಈಗ ಅದು ಬೆಳಗಿನ ಜಾವ ಬೇಲಿಯುದ್ದಕ್ಕೂ ಓಡುತ್ತದೆ, ರಾತ್ರಿ ಹಂದಿ ಬಂದರೆ ಒಳಗಿನಿಂದಲೇ ಬೊಗಳಿ ಎಬ್ಬಿಸುತ್ತದೆ. ತಟ್ಟೆಯ ಬಳಿ ಇಂದಿಗೂ ಗುರ್ರೆನ್ನುತ್ತದೆ. ಬೇಸಗೆಯಲ್ಲಿ ಮೊಮ್ಮಕ್ಕಳು ಬಂದಾಗ ಅದರ ಊಟ ಬೇಲಿಯ ಮೂಲೆಯ ಜಾಲರಿ ಕೊಟ್ಟಿಗೆಯೊಳಗೆ. ನಾಯಿ ಪೂರ್ತಿ ಬದಲಾಗಲಿಲ್ಲ. ಅದರ ಗುಣ ಅಲ್ಲಿ ಯಾರಿಗೂ ಕೇಡಾಗದಂತೆ ಏರ್ಪಾಟಾಯಿತು.

ನಾಯಿ ಕೊಡುವ ಮತ್ತು ತರುವ ರೈತ ಬಾಂಧವರು ಎತ್ತು ಕೊಳ್ಳುವಾಗಿನ ಜಾಣ್ಮೆಯನ್ನೇ ಇಲ್ಲಿಯೂ ಬಳಸಬೇಕು. ಕೇಳಿ ತನ್ನಿ, ಹೇಳಿ ಕೊಡಿ, ಕೊಡುವ ಮೊದಲು ಮನೆ ನೋಡಿ. ಇದರಿಂದ ಒಂದು ಮೂಕಪ್ರಾಣಿಗೆ ನೆಲೆ ಸಿಗುತ್ತದೆ, ಇನ್ನೊಂದು ಮನೆಯ ಮಗುವಿಗೆ ಅಪಾಯ ತಪ್ಪುತ್ತದೆ.