ಸರ್ವರ್‌ನ ಗುರುತು ಬದಲಾದಾಗ

2023ರ ಮಾರ್ಚ್ 24, ಶುಕ್ರವಾರ. ಭಾರತದಲ್ಲಿ ಬೆಳಗಿನ ಹತ್ತೂವರೆಯ ಸುಮಾರು. ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ಹಬ್ ತನ್ನ ಸರ್ವರ್‌ನ ಗುರುತಾದ ಆರ್‌ಎಸ್‌ಎ ಕೀಯನ್ನು ಬದಲಿಸಿತು. ಅದರ ಖಾಸಗಿ ಭಾಗ ಸ್ವಲ್ಪ ಹೊತ್ತು ಸಾರ್ವಜನಿಕ ರೆಪಾಸಿಟರಿಯೊಂದರಲ್ಲಿ ಬಯಲಾಗಿತ್ತು. ಆ ಕೀಯನ್ನು ನಂಬಿಕೊಂಡಿದ್ದ ಪ್ರೋಗ್ರಾಮರ್‌ಗಳ ಪರದೆಯಲ್ಲಿ ಎಚ್ಚರಿಕೆ ಮೂಡಿತು: ಸರ್ವರ್‌ನ ಗುರುತು ಬದಲಾಗಿದೆ, ನಡುವೆ ಯಾರೋ ಕದ್ದು ಕೇಳುತ್ತಿರಬಹುದು.

ಪ್ರೋಗ್ರಾಮರ್‌ಗಳು ಹೀಗೆ ಸರ್ವರ್‌ಗೆ ಸಂಪರ್ಕ ಸಾಧಿಸುವ ವಿಧಾನದ ಹೆಸರು ಎಸ್‌ಎಸ್‌ಎಚ್. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳುವಾದ ಮೇಲೆ, 1995ರಲ್ಲಿ ತಾತು ಯುಲೋನೆನ್ ಇದನ್ನು ರೂಪಿಸಿದರು. ಮೊದಲು ಸರ್ವರ್ ತನ್ನ ಖಾಸಗಿ ಕೀಯಿಂದ ಸಹಿ ಹಾಕಿ ತಾನು ಯಾರೆಂದು ತೋರಿಸಬೇಕು. ಆಮೇಲೆ ನಮ್ಮ ಸರದಿ. ಇದರಲ್ಲಿ ನಮ್ಮ ಖಾಸಗಿ ಕೀ ಮಾತ್ರ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ.

ಹಾಗಾಗಿ ಸಂಪರ್ಕ ಕೈಕೊಟ್ಟಾಗ ಮೊದಲು ನೋಡಬೇಕಾದ್ದು, ಬೇಡವೆಂದದ್ದು ಸರ್ವರೋ ನಮ್ಮ ಕಂಪ್ಯೂಟರೋ ಎಂಬುದನ್ನು.

'ಪರ್ಮಿಷನ್ ಡಿನೈಡ್' ಎಂದು ಬಂದರೆ ಸರ್ವರ್ ನಮ್ಮನ್ನು ಒಪ್ಪಿಲ್ಲ. ಕಾರಣಗಳು ಹೆಚ್ಚಾಗಿ ಸಣ್ಣವೇ. ಸಾರ್ವಜನಿಕ ಕೀ ಖಾತೆಗೆ ಸೇರಿಲ್ಲ, ಅಥವಾ ಹೋಗುತ್ತಿರುವುದು ಬೇರೆ ಕೀ. ಖಾಸಗಿ ಕೀಯ ಫೈಲನ್ನು ಬೇರೆಯವರೂ ಓದುವಂತಿದ್ದರೆ ಎಸ್‌ಎಸ್‌ಎಚ್ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್ ಅದನ್ನು ಬಳಸುವುದೇ ಇಲ್ಲ. ಅನುಮತಿಯನ್ನು 600 ಮಾಡಿದರೆ ಸರಿಹೋಗುತ್ತದೆ. ಉತ್ತರವೇ ಬಾರದೆ ಕಾಯಿಸಿದರೆ ಕಚೇರಿಯ ಫೈರ್‌ವಾಲ್ 22ನೇ ಪೋರ್ಟನ್ನು ಮುಚ್ಚಿರಬಹುದು. ಗಿಟ್‌ಹಬ್ ಆದರೆ 443ನೇ ಪೋರ್ಟಿನಲ್ಲೂ ಎಸ್‌ಎಸ್‌ಎಚ್ ಸಂಪರ್ಕ ಕೊಡುತ್ತದೆ.

ನಮ್ಮ ಕಂಪ್ಯೂಟರೇ ತಡೆದರೆ ವಿಷಯ ಬೇರೆ. ಹಿಂದೆ ಕಂಡ ಸರ್ವರ್‌ಗಳ ಕೀಗಳನ್ನು ಅದು 'ನೋನ್ ಹೋಸ್ಟ್ಸ್' ಎಂಬ ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ; ಈಗ ಬಂದ ಕೀ ಅದಕ್ಕೆ ಹೊಂದದಿದ್ದರೆ ತಡೆಯುತ್ತದೆ. ಅಲ್ಲಿನ ಹಳೆಯ ಸಾಲು ಅಳಿಸಿ ಮುಂದೆ ಹೋಗಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಆದರೆ ಅದು ಅರ್ಧ ಸಲಹೆ. ಸಾಲು ಅಳಿಸಿದ ಮೇಲೆ ಯಾವ ಸರ್ವರ್ ಎದುರಾದರೂ ಕಂಪ್ಯೂಟರ್ ಹೊಸ ಪರಿಚಯವೆಂದೇ ತಿಳಿದು 'ನಂಬಲೇ?' ಎಂದು ಕೇಳುತ್ತದೆ. ಹೂಂ ಎನ್ನುವ ಮೊದಲು, ಪರದೆಯಲ್ಲಿರುವ ಕೀಯ ಫಿಂಗರ್‌ಪ್ರಿಂಟನ್ನು ಗಿಟ್‌ಹಬ್ ತನ್ನ ಜಾಲತಾಣದಲ್ಲಿ ಪ್ರಕಟಿಸಿರುವುದರೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಲೇಬೇಕು.

ಅಷ್ಟು ಹಟ ಯಾಕೆ? ಸರ್ವರ್‌ನ ವೇಷ ಹಾಕಿದವನಿಗೆ ನಮ್ಮ ಖಾಸಗಿ ಕೀ ಸಿಗುವುದಿಲ್ಲ, ನಿಜ. ಆದರೆ ನಾವು ಕಳಿಸಿದ ಕೋಡ್ ಅವನ ಕೈಸೇರುತ್ತದೆ, ಅವನು ಕೊಟ್ಟ ಕೋಡ್ ನಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಬಿಲ್ಡ್ ಸ್ಕ್ರಿಪ್ಟುಗಳಲ್ಲಿ ಈ ತಪಾಸಣೆಯನ್ನೇ ನಿಲ್ಲಿಸಿಟ್ಟವರಿಗೆ ಅಂದು ಯಾವ ಎಚ್ಚರಿಕೆಯೂ ಕೆಲಸವನ್ನು ತಡೆಯಲಿಲ್ಲ. ವೇಷಧಾರಿ ಬಂದಿದ್ದರೂ ತಡೆಯುತ್ತಿರಲಿಲ್ಲ.