ಜಾನ್ಸನ್ "ದೊಡ್ಡದಲ್ಲ" ಅಂದ ಕಾನೂನು

ಈ ಸಲದ ವಿಡಿಯೋ ಮಾತಿನ ಬರಹರೂಪ ಇದು. ಮಾತಿನ ಓಟದಲ್ಲಿ ಇಸವಿ, ಅಂಕಿಗಳು ಹಾರಿಹೋಗುತ್ತವೆ. ಇಲ್ಲಿ ಅವನ್ನ ನಿಧಾನವಾಗಿ ಬಿಡಿಸಿ ಬರೆದಿದ್ದೀನಿ.

ಅಮೆರಿಕದ ಅಧ್ಯಕ್ಷರು ವೀಸಾ ಬಗ್ಗೆ ಒಂದು ಮಾತಾಡಿದರೆ ಸಾಕು, ಪುಣೆ, ಹೈದರಾಬಾದ್, ಚೆನ್ನೈನಲ್ಲಿರೋ ನಮ್ಮ ಕನ್ನಡ ವಾಟ್ಸ್ಯಾಪ್ ಗುಂಪುಗಳಲ್ಲಿ ಅರ್ಧ ಗಂಟೆಯೊಳಗೆ ಕ್ಲಿಪ್ ಓಡಾಡುತ್ತೆ. ಆನ್‌ಸೈಟ್‌ಗೆ ಹೋಗಬೇಕು ಅಂತಿದ್ದವರು ಕಂಗಾಲು, ಅಲ್ಲಿರೋರ ಅಪ್ಪ-ಅಮ್ಮ ಇನ್ನೂ ಕಂಗಾಲು. ಆದರೆ ಅಧ್ಯಕ್ಷರು ಆಡೋ ಮಾತು, ಅವರು ಮಾಡಿಸೋ ಕೆಲಸ, ಅವರು ಹೋದ ಮೇಲೆ ಉಳಿಯೋದು, ಈ ಮೂರೂ ಒಂದೇನಾ? ಇದನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಲಿಂಡನ್ ಜಾನ್ಸನ್. 1963ರಿಂದ 1969ರವರೆಗೆ ಅಧ್ಯಕ್ಷರಾಗಿದ್ದವರು.

ಮತ ಎಣಿಸೋ ಮನುಷ್ಯ

ಜಾನ್ಸನ್ ಟೆಕ್ಸಾಸ್‌ನ ಹಳ್ಳಿ ಕಡೆಯವರು. 1928ರಲ್ಲಿ ಕೊಟುಲ್ಲಾ ಅನ್ನೋ ಊರಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಮೇಷ್ಟ್ರಾಗಿದ್ದರು. ಆಮೇಲೆ ಸಂಸತ್ತಿಗೆ ಹೋಗಿ, 1950ರ ದಶಕದಲ್ಲಿ ಸೆನೆಟ್‌ನ ಬಹುಮತದ ನಾಯಕರಾದರು. 1963ರ ನವೆಂಬರ್ 22ರಂದು ಜಾನ್ ಕೆನಡಿ ಹತ್ಯೆಯಾದಾಗ, ಉಪಾಧ್ಯಕ್ಷರಾಗಿದ್ದ ಇವರು ಅಧ್ಯಕ್ಷರಾದರು.

ಕೆನಡಿ ಮಾತುಗಾರ. ಜಾನ್ಸನ್ ಹಾಗಲ್ಲ. ವೇದಿಕೆ ಮೇಲೆ ಬಿಗಿಬಿಗಿ. ಅವರ ಶಕ್ತಿ ಇದ್ದದ್ದು ಟೆಲಿಫೋನ್‌ನಲ್ಲಿ. ಯಾವ ಸೆನೆಟರ್‌ಗೆ ಏನು ಬೇಕು, ಯಾರನ್ನ ಹೊಗಳಬೇಕು, ಯಾರನ್ನ ಹೆದರಿಸಬೇಕು, ಎಲ್ಲಾ ಲೆಕ್ಕ ತಲೆಯಲ್ಲೇ ಇರ್ತಿತ್ತು. ಅವರೇ ರೆಕಾರ್ಡ್ ಮಾಡಿಸಿದ ಆ ಫೋನ್ ಮಾತುಕತೆಗಳನ್ನ ಇವತ್ತು ಯಾರು ಬೇಕಾದರೂ ಕೇಳಬಹುದು. ಕೇಳಿದರೆ ದೊಡ್ಡ ತತ್ವಕ್ಕಿಂತ ಮತಗಳ ಲೆಕ್ಕವೇ ಹೆಚ್ಚು ಕಿವಿಗೆ ಬೀಳುತ್ತೆ.

ಕರಿಯರ ಮೇಲಿನ ತಾರತಮ್ಯ ನಿಷೇಧಿಸೋ ನಾಗರಿಕ ಹಕ್ಕುಗಳ ಮಸೂದೆಯನ್ನ ಕೆನಡಿ ಕಳಿಸಿದ್ದರು, ಅದು ಕೂತಲ್ಲೇ ಕೂತಿತ್ತು. ದಕ್ಷಿಣದ ಸೆನೆಟರ್‌ಗಳು ಮಾತಾಡ್ತಾನೇ ಇದ್ದು ಮತದಾನವನ್ನೇ ತಡೆಯುತ್ತಿದ್ದರು. ಅದನ್ನ ನಿಲ್ಲಿಸೋಕೆ ಮೂರನೇ ಎರಡರಷ್ಟು ಮತ ಬೇಕು. ಅವರಲ್ಲಿ ಹೆಚ್ಚಿನವರು ಜಾನ್ಸನ್‌ರ ಪಕ್ಷದವರೇ ಆಗಿದ್ದರಿಂದ ವಿರೋಧ ಪಕ್ಷದ ನಾಯಕ ಎವರೆಟ್ ಡರ್ಕ್ಸನ್ ಅವರನ್ನ ಒಲಿಸ್ಕೊಳ್ಳದೆ ಬೇರೆ ದಾರಿ ಇರಲಿಲ್ಲ. 1964ರ ಜೂನ್ 10ರಂದು 71-29 ಮತಗಳಿಂದ ಆ ತಡೆ ಮುರಿಯಿತು. ಜುಲೈ 2ರಂದು ಕಾನೂನು ಬಂತು.

ಮಾತೂ ಕಾನೂನೂ ಒಂದಾದ ದಿನ

ಜಾನ್ಸನ್ ಕಳಪೆ ಭಾಷಣಕಾರ ಅಂತ ನಾನು ಹೇಳ್ತಿಲ್ಲ. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟವರನ್ನ ಪೊಲೀಸರು ಸೇತುವೆ ಹತ್ತಿರ ಲಾಠಿಯಿಂದ ಹೊಡೆದರು. ದೇಶ ಅದನ್ನ ಟಿವಿಯಲ್ಲಿ ನೋಡಿತು. ಎಂಟು ದಿನ ಕಳೆದು ಜಾನ್ಸನ್ ಸಂಸತ್ತಿನ ಜಂಟಿ ಅಧಿವೇಶನದ ಮುಂದೆ ನಿಂತರು. ಕೊಟುಲ್ಲಾದ ಮಕ್ಕಳನ್ನ ನೆನಪಿಸಿಕೊಂಡರು. ಚಳವಳಿಯವರು ಬೀದಿಯಲ್ಲಿ ಹಾಡುತ್ತಿದ್ದ ಹಾಡಿನ ಪಲ್ಲವಿಯನ್ನೇ ತಮ್ಮ ಬಾಯಲ್ಲಿ ಹೇಳಿದರು. ದಕ್ಷಿಣದ ಬಿಳಿಯನೊಬ್ಬ ಅಧ್ಯಕ್ಷನಾಗಿ ಹಾಗೆ ಹೇಳಿದ್ದು ಸಣ್ಣ ವಿಷಯ ಅಲ್ಲ. ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾನೂನು ಸಹಿ ಆಯಿತು. ಇಲ್ಲಿ ಮಾತಿನ ಹಿಂದೆಯೇ ಕಾನೂನು ಬಂತು.

ಅದೂ ಹಾಗೇ ಉಳಿಯಲಿಲ್ಲ. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಕಾನೂನಿನ ಒಂದು ಮುಖ್ಯ ಭಾಗವನ್ನ ರದ್ದು ಮಾಡಿತು.

ನಮಗೆ ತಟ್ಟೋ ಕಾನೂನು

1965ರ ಅಕ್ಟೋಬರ್ 3. ನ್ಯೂಯಾರ್ಕ್‌ನ ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಕೂತು ಜಾನ್ಸನ್ ವಲಸೆ ಕಾನೂನಿಗೆ ಸಹಿ ಹಾಕಿದರು. ಹಳೇ ಪದ್ಧತಿ ಕ್ರೂರ ಅನ್ಯಾಯವಾಗಿತ್ತು, ಅದನ್ನ ಸರಿಪಡಿಸ್ತಿದ್ದೀವಿ ಅಂದರು. ಜೊತೆಗೇ, ಇದೇನೂ ಕ್ರಾಂತಿಕಾರಿ ಮಸೂದೆ ಅಲ್ಲ, ಲಕ್ಷಾಂತರ ಜನರ ಬದುಕನ್ನ ಇದು ಮುಟ್ಟೋದಿಲ್ಲ ಅಂತಲೂ ಹೇಳಿದರು.

ಹಿಂದಿನ ಸ್ಥಿತಿ ಏನಿತ್ತು? 1917ರ ಕಾನೂನು ಭಾರತವೂ ಸೇರಿ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತ್ತು. 1924ರ ಕಾನೂನು 1890ರ ಜನಗಣತಿ ಹಿಡ್ಕೊಂಡು, ಉತ್ತರ ಯುರೋಪಿನವರಿಗೆ ಲಾಭ ಆಗೋ ಹಾಗೆ ದೇಶವಾರು ಕೋಟಾ ಮಾಡಿತ್ತು. 1946ರಲ್ಲಿ ಟ್ರೂಮನ್ ಸಹಿ ಹಾಕಿದ ಕಾನೂನು ಭಾರತೀಯರಿಗೆ ಬಾಗಿಲು ತೆರೆಯಿತು. ಎಷ್ಟು? ವರ್ಷಕ್ಕೆ 100 ಜನ.

1965ರಲ್ಲಿ ಈ ಕೋಟಾ ಪದ್ಧತಿಯೇ ಹೋಯಿತು. ಹಾಗಾದರೆ ಜಾನ್ಸನ್ ಇದನ್ನ ಯಾಕೆ ಚಿಕ್ಕದು ಮಾಡಿ ಹೇಳಿದರು? ವಿರೋಧಿಗಳನ್ನ ಸಮಾಧಾನ ಮಾಡಬೇಕಿತ್ತು ಅನ್ನೋದು ಒಂದು ಕಾರಣ. ಸೆನೆಟ್‌ನಲ್ಲಿ ಮಸೂದೆ ನಡೆಸಿದ ಎಡ್ವರ್ಡ್ ಕೆನಡಿ ಕೂಡ ದೇಶದ ಜನಸಂಖ್ಯೆಯ ಸ್ವರೂಪ ಬದಲಾಗಲ್ಲ ಅಂತಲೇ ಭರವಸೆ ಕೊಟ್ಟಿದ್ದರು. ಇನ್ನೊಂದು ಕಾರಣ, ಅವರು ನಿಜವಾಗಿಯೂ ಹಾಗೆ ನಂಬಿದ್ದರು. ಮೈಕೆಲ್ ಫೀಘನ್ ಅನ್ನೋ ಸಂಸದ ಕೌಶಲಕ್ಕಿಂತ ಕುಟುಂಬ ಸಂಬಂಧಕ್ಕೆ ಮೊದಲ ಸ್ಥಾನ ಕೊಡಿಸಿದರು. ಮುಕ್ಕಾಲು ಪಾಲು ಜಾಗ ಸಂಬಂಧಿಕರಿಗೆ, ಐದನೇ ಒಂದು ಭಾಗ ಮಾತ್ರ ಕೆಲಸದವರಿಗೆ. ಅಮೆರಿಕದಲ್ಲಿ ಇರೋರು ಹೆಚ್ಚಾಗಿ ಯುರೋಪಿನವರು, ಅವರ ನೆಂಟರೇ ತಾನೇ ಬರೋದು ಅನ್ನೋ ಲೆಕ್ಕ.

ಲೆಕ್ಕ ತಿರುವುಮುರುವಾಯಿತು. ಯುರೋಪ್ ಚೇತರಿಸಿಕೊಂಡಿತ್ತು, ಅಲ್ಲಿಂದ ಬರೋ ಆತುರ ಕಮ್ಮಿ. ಭಾರತದಿಂದ ಡಾಕ್ಟರು, ಎಂಜಿನಿಯರುಗಳು ಆ ಐದನೇ ಒಂದು ಭಾಗದ ಬಾಗಿಲಿಂದ ಹೋದರು. ಪೌರತ್ವ ಸಿಕ್ಕ ಮೇಲೆ ಅಣ್ಣ-ತಮ್ಮ, ಅಕ್ಕ-ತಂಗಿಯರನ್ನ ಕುಟುಂಬದ ಬಾಗಿಲಿಂದ ಕರೆಸಿಕೊಂಡರು. 1960ರಲ್ಲಿ ಅಮೆರಿಕದಲ್ಲಿ ಭಾರತದಲ್ಲಿ ಹುಟ್ಟಿದವರು ಸುಮಾರು 12 ಸಾವಿರ. ಇವತ್ತು 25 ಲಕ್ಷಕ್ಕೂ ಹೆಚ್ಚು.

ಒಂದು ಸಾಲಿನ ಕಥೆ

ಈ ಕಾನೂನಿನಲ್ಲಿ ಇನ್ನೊಂದು ಸಾಲಿತ್ತು. ಪೂರ್ವ ಗೋಳಾರ್ಧದ ಯಾವ ದೇಶಕ್ಕೂ ವರ್ಷಕ್ಕೆ 20,000ಕ್ಕಿಂತ ಹೆಚ್ಚು ವೀಸಾ ಇಲ್ಲ. ಆಗ ಅದು ಸಮಾನತೆ. ಇಂಗ್ಲೆಂಡಿಗೂ ಭಾರತಕ್ಕೂ ಒಂದೇ ಮಿತಿ!

1990ರ ನವೆಂಬರ್‌ನಲ್ಲಿ ಹಿರಿಯ ಜಾರ್ಜ್ ಬುಷ್ ಸಹಿ ಹಾಕಿದ ಕಾನೂನು ನಮಗೆಲ್ಲ ಗೊತ್ತಿರೋ ಎಚ್-1ಬಿ ವೀಸಾ ತಂದಿತು, ಮೊದಲ ಮಿತಿ ವರ್ಷಕ್ಕೆ 65,000. ಉದ್ಯೋಗದ ಮೇಲೆ ಸಿಗೋ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಅದರಲ್ಲೇ ಹೆಂಡತಿ ಮಕ್ಕಳೂ ಸೇರಿ. ದೇಶವಾರು ಸಮಾನ ಮಿತಿ ಮಾತ್ರ ಶೇ. 7 ಅನ್ನೋ ರೂಪದಲ್ಲಿ ಮುಂದುವರಿಯಿತು. ಸುಮಾರು 4 ಲಕ್ಷ ಜನರಿರೋ ಐಸ್‌ಲ್ಯಾಂಡ್‌ಗೂ ಶೇ. 7, ಭಾರತಕ್ಕೂ ಶೇ. 7. ಲೆಕ್ಕಕ್ಕೆ ಬರೋದು ಪೌರತ್ವ ಅಲ್ಲ, ಹುಟ್ಟಿದ ದೇಶ. ಹುಬ್ಬಳ್ಳಿಯಲ್ಲಿ ಹುಟ್ಟಿ ಕೆನಡಾ ಪೌರತ್ವ ಪಡೆದವರೂ ಸಾಮಾನ್ಯವಾಗಿ ಭಾರತದ ಸಾಲಿನಲ್ಲೇ ನಿಲ್ಲಬೇಕು.

ನನ್ನ ಎಂಟೆಕ್ ಬ್ಯಾಚಿನವರಲ್ಲೇ ಹತ್ತು ವರ್ಷ ದಾಟಿ ಕಾಯ್ತಿರೋರಿದ್ದಾರೆ. ತಾರತಮ್ಯ ಅಳಿಸೋಕೆ ಬಂದ ಸಮಾನತೆಯೇ ಇವತ್ತು ಅವರ ಕಾಯುವಿಕೆಗೆ ಕಾರಣ.

ಮಾತು ಮನೆ ಕೆಡಿಸಿತು

ಜಾನ್ಸನ್ ವಿಷಯದಲ್ಲಿ ಮಾತೇ ಅವರ ಅಧಿಕಾರವನ್ನ ಮುಗಿಸಿದ್ದೂ ಉಂಟು. 1964ರ ಚುನಾವಣೆ ಪ್ರಚಾರದಲ್ಲಿ, ಏಷ್ಯಾದ ಹುಡುಗರು ಮಾಡಬೇಕಾದ ಯುದ್ಧಕ್ಕೆ ಅಮೆರಿಕದ ಹುಡುಗರನ್ನ ಸಾವಿರಾರು ಮೈಲಿ ದೂರ ಕಳಿಸಲ್ಲ ಅಂದಿದ್ದರು. 1963ರ ಕೊನೆಗೆ ವಿಯೆಟ್ನಾಂನಲ್ಲಿ ಸುಮಾರು 16 ಸಾವಿರ ಅಮೆರಿಕನ್ ಸೈನಿಕರಿದ್ದರು. 1968ಕ್ಕೆ ಅದು 5 ಲಕ್ಷ ದಾಟಿತು. ಸರ್ಕಾರ ಹೇಳೋದೇ ಒಂದು, ಟಿವಿಯಲ್ಲಿ ಕಾಣೋದೇ ಇನ್ನೊಂದು. ಜನ ನಂಬೋದನ್ನ ಬಿಟ್ಟರು. 1968ರ ಮಾರ್ಚ್ 31ರಂದು ಟಿವಿ ಭಾಷಣದ ಕೊನೆಯಲ್ಲಿ, ನಾನು ಮತ್ತೆ ಸ್ಪರ್ಧಿಸಲ್ಲ ಅಂತ ತಾವೇ ಹೇಳಿದರು.

ಕ್ಲಿಪ್ ಬಂದಾಗ ಏನು ನೋಡಬೇಕು?

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಭಾಷಣ ರಿಲೀಸ್ ನೋಟ್ ಇದ್ದ ಹಾಗೆ. ಓಡೋದು ಕೋಡ್. ಹಾಗಾಗಿ ಕ್ಲಿಪ್ ಬಂದಾಗ ನಾನು ಒಂದೇ ಪ್ರಶ್ನೆ ಕೇಳ್ಕೋತೀನಿ: ಇದು ಬರೀ ಮಾತಾ, ಸರ್ಕಾರದ ನಿಯಮಾನಾ, ಸಂಸತ್ತಿನ ಕಾನೂನಾ?

ಎಚ್-4 ವೀಸಾದಲ್ಲಿರೋ ಕೆಲವು ಸಂಗಾತಿಗಳಿಗೆ ಕೆಲಸದ ಅನುಮತಿ ಕೊಟ್ಟದ್ದು 2015ರ ಒಬಾಮಾ ಸರ್ಕಾರದ ನಿಯಮ. ಅದನ್ನ ಮುಂದಿನ ಸರ್ಕಾರ ತೆಗೆಯೋಕೆ ಪ್ರಯತ್ನಿಸಬಹುದು. ಅಂಥದ್ದಕ್ಕೆ ಕೈಯಲ್ಲಿ ಸ್ವಲ್ಪ ಉಳಿತಾಯ ಇಟ್ಕೊಂಡಿರೋದು ಒಳ್ಳೇದು. ಆದರೆ ಶೇ. 7 ಸಂಸತ್ತಿನ ಕಾನೂನು. ಯಾವ ಅಧ್ಯಕ್ಷರು ಎಷ್ಟು ಚಂದ ಮಾತಾಡಿದರೂ ಅದು ಅಲುಗಾಡಲ್ಲ. ಉದ್ಯೋಗದ ಗ್ರೀನ್ ಕಾರ್ಡಿಗೆ ಆ ಮಿತಿ ತೆಗೆಯೋ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365-65ರಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಅದರ ಬೇರೆ ರೂಪವನ್ನ ಒಪ್ಪಿತು. ಎರಡು ರೂಪಗಳೂ ಒಂದಾಗಲಿಲ್ಲ, ಕಾನೂನು ಆಗಲಿಲ್ಲ.

ಅಲ್ಲಿ ಕೊರತೆ ಇದ್ದದ್ದು ಭಾಷಣಕ್ಕಲ್ಲ. ಫೋನ್ ಕೈಗೆತ್ತಿಕೊಂಡು ಎರಡೂ ಮನೆಯ ಮತಗಳನ್ನ ಒಂದೊಂದಾಗಿ ಎಣಿಸೋರು ಬೇಕಿತ್ತು. ಮುಂದಿನ ಕ್ಲಿಪ್ ಬಂದಾಗ ಅಧ್ಯಕ್ಷರ ಮುಖ ನೋಡೋದಕ್ಕಿಂತ ಸಂಸತ್ತಿನ ಕಡೆ ನೋಡಿ. ಅಲ್ಲಿ ಏನೂ ಅಲುಗಾಡ್ತಿಲ್ಲ ಅಂದ್ರೆ, ಆ ಮಾತು ನಂಬಿ ಇಲ್ಲಿರೋ ಕೆಲಸ ಬಿಡಬೇಡಿ, ಅಲ್ಲಿ ಮನೆ ಸಾಲಾನೂ ಮಾಡಬೇಡಿ.