ಬಳ್ಳಾರಿ ಜಾಲಿ ತುಂಬಿದ ಹೊಲ: ಟ್ರ್ಯಾಕ್ಟರ್ ಏನು ಮಾಡತ್ತೆ, ಏನು ಮಾಡಲ್ಲ

ಇದು ಈ ವಾರದ ವಿಡಿಯೋದ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋಗಿದ್ದ ಒಂದೆರಡು ಲೆಕ್ಕ ಸೇರಿಸಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.

ವಿಷಯ ನಮ್ಮಲ್ಲಿ ತುಂಬಾ ಜನರ ಮನೆಯದ್ದು. ಪುಣೆ, ಹೈದರಾಬಾದ್, ಚೆನ್ನೈ ಅಂತ ಕೆಲಸಕ್ಕೆ ಬಂದು ಹತ್ತು ಹನ್ನೆರಡು ವರ್ಷ ಆಯ್ತು. ಊರಲ್ಲಿ ಅಪ್ಪನಿಗೆ ವಯಸ್ಸಾಯ್ತು, ಹೊಲ ಬೀಳು ಬಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿ, ಗದಗ ಕಡೆಯವರಾದ್ರೆ ಆ ಹೊಲದಲ್ಲಿ ಈಗ ಏನು ಬೆಳೆದಿದೆ ಅಂತ ಹೇಳೋದೇ ಬೇಡ. "ಒಂದು ದಿನ ಟ್ರ್ಯಾಕ್ಟರ್ ಹೊಡೆಸಿದ್ರೆ ಹೊಲ ಸ್ವಚ್ಛ ಆಗ್ತದ" ಅಂತ ಊರಿಂದ ಫೋನ್ ಬರತ್ತೆ, ನಾವು ದುಡ್ಡು ಕಳಿಸ್ತೀವಿ, ವಾಟ್ಸಾಪ್‌ನಲ್ಲಿ ಚೊಕ್ಕ ಹೊಲದ ಫೋಟೋನೂ ಬರತ್ತೆ. ಮುಂದಿನ ಮಳೆಗಾಲ ಮುಗಿಯೋದರೊಳಗೆ ಅದೇ ಜಾಗದಲ್ಲಿ ಸೊಂಟದೆತ್ತರ ಮುಳ್ಳುಕಂಟಿ. ಊರಲ್ಲಿ ಯಾರೂ ನಮಗೆ ಮೋಸ ಮಾಡಿರಲ್ಲ. ಕೆಲಸ ಅರ್ಧಕ್ಕೆ ನಿಂತಿರತ್ತೆ, ಅಷ್ಟೇ. ಉಳಿದರ್ಧ ಯಾವುದು ಅನ್ನೋದೇ ಇವತ್ತಿನ ಮಾತು.

ನಾವು ಹೋದಲ್ಲೆಲ್ಲ ಇರೋ ಗಿಡ

ಈ ಗಿಡದ ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ಜಮೈಕಾದಿಂದ ಬೀಜ ತರಿಸೋಕೆ ಮುಂದಾದರು. ಕಡಪ ಸೀಮೆಯ ಕಮಲಾಪುರಂನಲ್ಲಿ ಸಸಿ ನೆಟ್ಟರು. ಒಣ ಸೀಮೆಗೆ ಸೌದೆ ಬೇಕಿತ್ತು, ನೀರು ಕೇಳದೆ ಬೆಳೆಯೋ ಗಿಡ ಬೇಕಿತ್ತು, ಇದು ಎರಡನ್ನೂ ಕೊಡ್ತು. ಆಮೇಲೆ ಯಾರ ಮಾತೂ ಕೇಳಲಿಲ್ಲ.

ಚೆನ್ನೈನಲ್ಲಿರೋರು ಇದನ್ನೇ ಸೀಮೈ ಕರುವೇಲಂ ಅಂತ ಕೇಳಿರ್ತೀರಿ. ಹೈದರಾಬಾದಿನಲ್ಲಿ ಸರ್ಕಾರು ತುಮ್ಮ, ಪುಣೆ ಕಡೆ ವೇಡಿ ಬಾಭುಳ, ದೆಹಲಿಯಲ್ಲಿ ವಿಲಾಯತಿ ಕೀಕರ್. ದೆಹಲಿಯ ರಿಡ್ಜ್ ಕಾಡಿನಲ್ಲಿ ಕಣ್ಣಿಗೆ ಬೀಳೋ ಹಸಿರಿನಲ್ಲಿ ಬಹುಪಾಲು ಇದೇ.

ಅದರ ಜೀವ ಎಲ್ಲಿದೆ

ಈ ಭಾಗ ಗಮನ ಕೊಟ್ಟು ಓದಿ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಬಳ್ಳಾರಿ ಜಾಲಿಯ ಕಾಂಡ ನೆಲದ ಮಟ್ಟಕ್ಕೆ ಮುಗಿಯಲ್ಲ. ಮಣ್ಣಿನೊಳಗೆ ಸ್ವಲ್ಪ ಆಳದವರೆಗೆ, ಮೊದಲ ಪಕ್ಕದ ಬೇರು ಹೊರಡೋ ತನಕ ಅದು ಕಾಂಡವೇ. ಇದನ್ನು ಗಿಡದ ಕುತ್ತಿಗೆ ಅನ್ನೋಣ. ಮಲಗಿರೋ ಮೊಗ್ಗುಗಳೆಲ್ಲ ಇಲ್ಲಿರ್ತವೆ. ಮೇಲೆ ಕಡಿದಾಗ ಈ ಮೊಗ್ಗುಗಳು ಎದ್ದು, ಒಂದು ಕಾಂಡ ಇದ್ದ ಕಡೆ ಏಳೆಂಟು ಚಿಗುರು ಬರ್ತವೆ. ಕೆಳಗೆ ಬೇರು ಹಳೇದು, ಆಳಕ್ಕೆ ಇಳಿದಿರೋದು, ನೀರಿನ ದಾರಿ ಗೊತ್ತಿರೋದು. ಹಾಗಾಗಿ ಆ ಚಿಗುರು ಬೀಜದಿಂದ ಬಂದ ಸಸಿಗಿಂತ ಎಷ್ಟೋ ಜೋರಾಗಿ ಏಳತ್ತೆ.

ಆದರೆ ಕುತ್ತಿಗೆಯ ಕೆಳಗಿನ ಬೇರಿಗೆ ಚಿಗುರೋ ಶಕ್ತಿ ಇಲ್ಲ. ಅಂದ್ರೆ ಸುಮಾರು 20ರಿಂದ 30 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಆಳದಲ್ಲಿ ಕತ್ತರಿಸಿ ಕುತ್ತಿಗೆ ಹೊರಗೆ ತೆಗೆದ್ರೆ ಆ ಗಿಡದ ಕಥೆ ಮುಗೀತು. ಹತ್ತಡಿ ಬೇರು ಅಗೀಬೇಕಿಲ್ಲ. ಹಳ್ಳದ ಬದಿ, ಮಳೆ ನೀರಿಗೆ ಮಣ್ಣು ಬಂದು ಕೂರೋ ಜಾಗದಲ್ಲಿ ಮಾತ್ರ ಕುತ್ತಿಗೆ ಇನ್ನೂ ಆಳದಲ್ಲಿರತ್ತೆ.

ಈಗ ಇನ್ನೊಂದು ಮಾತು ಅರ್ಥ ಆಗತ್ತೆ. "ಇದ್ದಿಲಿನವರು ಪುಕ್ಕಟೆ ಕಡ್ಕೊಂಡು ಹೋಗ್ತಾರಂತೆ" ಅಂತ ಊರಲ್ಲಿ ಹೇಳ್ತಾರೆ. ಇದರ ಕಟ್ಟಿಗೆಗೆ ಇದ್ದಿಲು ಭಟ್ಟಿ, ಇಟ್ಟಿಗೆ ಗೂಡುಗಳಲ್ಲಿ ಬೇಡಿಕೆ ಇದೆ, ಆ ಮಾತು ನಿಜ. ಆದರೆ ಅವರಿಗೆ ಬೇಕಿರೋದು ಮೇಲಿನ ಕಟ್ಟಿಗೆ. ಮೊಣಕಾಲೆತ್ತರ ಬುಡ ಬಿಟ್ಟು ಹೋದ್ರೆ ಒಂದು ಗಿಡದ ಜಾಗದಲ್ಲಿ ಪೊದೆ ಸಿಗತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಟೆಕ್ನಿಕಲ್ ಡೆಟ್. ಕಟ್ಟಿಗೆ ಕೊಡಿ, ಆದರೆ ಬುಡ ಕೀಳೋ ಯಂತ್ರದ ದಿನ ಗೊತ್ತು ಮಾಡ್ಕೊಂಡೇ ಕೊಡಿ.

ಯಂತ್ರ ಇಳಿಸೋ ಮುಂಚೆ

ಮೊದಲು ಹೊಲದ ಸುತ್ತ ನಡೀಬೇಕು. ಊರಿನ ಹಿರಿಯರೊಬ್ಬರು ಜೊತೆಗಿದ್ರೆ ಒಳ್ಳೇದು. ಪೊದೆಯೊಳಗೆ ಹಾಳುಬಾವಿ ಇದ್ದೀತು. ಕಟ್ಟೆ ಇಲ್ಲದ ಬಾವಿಯ ಬಾಯಿಗೆ ಜಾಲಿ ಕವಿದಿದ್ರೆ ಟ್ರ್ಯಾಕ್ಟರ್ ಮೇಲೆ ಕೂತವನಿಗೆ ಅದು ಕಾಣೋದೇ ಇಲ್ಲ. ಹಳೇ ಪೈಪ್‌ಲೈನ್, ಸರ್ವೆ ಕಲ್ಲು, ಬದು, ಇವೆಲ್ಲ ಎಲ್ಲಿವೆ ಅಂತ ನೆನಪಿರೋರು ಇರುವಾಗಲೇ ಗುರುತು ಹಾಕಿ. ಗಡಿ ಬಗ್ಗೆ ಅನುಮಾನ ಇದ್ರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಪಕ್ಕದ ಹೊಲದ ಬದು ಕಿತ್ತುಹಾಕಿದ ಮೇಲೆ ಶುರುವಾಗೋ ಜಗಳ ಜಾಲಿಗಿಂತ ಜಾಸ್ತಿ ವರ್ಷ ಬದುಕತ್ತೆ.

ಎರಡನೇದು, ಎಲ್ಲ ಮುಳ್ಳಿನ ಗಿಡವೂ ಬಳ್ಳಾರಿ ಜಾಲಿ ಅಲ್ಲ. ಕರಿಜಾಲಿಗೆ ಹಳದಿ ಗುಂಡು ಹೂವು, ಮಣಿ ಪೋಣಿಸಿದ ಹಾಗಿರೋ ಕಾಯಿ. ಬಳ್ಳಾರಿ ಜಾಲಿಗೆ ಉದ್ದನೆಯ ತೆನೆಯಂಥ ಹೂವು, ಮಾಗಿದಾಗ ಹಳದಿಯಾಗೋ ಚಪ್ಪಟೆ ಕಾಯಿ. ಬನ್ನಿ ಮರ ಇದರ ಹತ್ತಿರದ ಸಂಬಂಧಿ. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟೋ ಗೆಣ್ಣಿನಲ್ಲಿರತ್ತೆ, ಬನ್ನಿಯ ಚಿಕ್ಕ ಮುಳ್ಳು ಗೆಣ್ಣುಗಳ ನಡುವೆ ಚದುರಿರತ್ತೆ. ಬನ್ನಿ, ಬೇವು, ಹೊಂಗೆಗೆ ಸುಣ್ಣದ ಪಟ್ಟೆ ಬಳಿದು ಉಳಿಸಿ. ದೊಡ್ಡ ಮರ ತೆಗೆಯೋದೇ ಆದ್ರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯಲ್ಲಿ ಕೇಳಿಯೇ ಮುಂದುವರೀರಿ.

ಮೂರನೇದು ಹದ. ಬೇಸಿಗೆಯಲ್ಲಿ ಎರೆ ಭೂಮಿ ಕಲ್ಲಾಗಿರತ್ತೆ, ಬುಡ ಮೇಲೆ ಮುರಿದು ಕುತ್ತಿಗೆ ಒಳಗೇ ಉಳಿಯತ್ತೆ. ಜೋರು ಮಳೆಯಲ್ಲಿ ಯಂತ್ರವೇ ಹೂತುಹೋಗತ್ತೆ. ಮಳೆ ನಿಂತು ಮೇಲೆ ಆರಿ, ಒಳಗೆ ತೇವ ಇರುವಾಗ ಮಾಡಿಸಿ. ಬೇಸಿಗೆಯಲ್ಲಿ ಕಾಯಿ ಉದುರೋ ಮೊದಲೇ ಮುಗಿಸಿದ್ರೆ ಒಂದು ವರ್ಷದ ಬೀಜ ತಪ್ಪತ್ತೆ.

ಯಾವ ಕೆಲಸಕ್ಕೆ ಯಾವುದು

ಹೆಬ್ಬೆರಳಿಗಿಂತ ಸಣ್ಣ ಕಾಂಡದ ಎಳೇ ಗಿಡಗಳಿಗೆ ಟ್ರ್ಯಾಕ್ಟರ್‌ಗೆ ಕಟ್ಟಿದ ಪಲ್ಟಿ ನೇಗಿಲು ಸಾಕು. ಅದು ಒಂದು ಗೇಣು ಇಳಿದು ಮಣ್ಣನ್ನು ಮಗುಚತ್ತೆ, ಕುತ್ತಿಗೆ ಮೇಲೆ ಬರತ್ತೆ.

ಒಂಬತ್ತು ಹಲ್ಲಿನ ಕಲ್ಟಿವೇಟರ್ ನೋಡೋಕೆ ಜೋರು, ಈ ಕೆಲಸಕ್ಕೆ ಅಲ್ಲ. ಅದರ ಸ್ಪ್ರಿಂಗ್ ಇರೋದೇ ಅಡ್ಡಿ ಸಿಕ್ಕಾಗ ಹಲ್ಲು ಹಿಂದೆ ಬಾಗಿ ದಾಟಿಹೋಗಲಿ ಅಂತ. ಬುಡ ಸಿಕ್ಕಿದ ಕಡೆಯೆಲ್ಲ ಅದು ಹಾಗೇ ದಾಟತ್ತೆ. ನೆಲ ಕೆದರಿದ ಹಾಗೆ ಕಾಣತ್ತೆ, ಗಿಡ ಅಲ್ಲೇ ಇರತ್ತೆ. "ಟ್ರ್ಯಾಕ್ಟರ್ ಹೊಡೆಸಿದೀವಿ" ಅಂದ ಮೇಲೂ ಜಾಲಿ ಬರೋಕೆ ಇದೊಂದು ಮುಖ್ಯ ಕಾರಣ. ರೋಟವೇಟರ್ ಅಂತೂ ಬೇಡವೇ ಬೇಡ. ಅದು ಉತ್ತ ಮಣ್ಣನ್ನು ಪುಡಿ ಮಾಡೋ ಯಂತ್ರ, ಬೇರಿಗೆ ಕೊಟ್ರೆ ಬ್ಲೇಡ್ ಹೋಗತ್ತೆ.

ಮಣಿಕಟ್ಟಿನಷ್ಟು ದಪ್ಪ ಆದ್ಮೇಲೆ ಜೆಸಿಬಿಯೇ ಸರಿ. ಬಕೆಟ್‌ನಿಂದ ಮೇಲೆ ತಳ್ಳಿಸ್ಬೇಡಿ. ಬುಡದ ಪಕ್ಕ ಹಲ್ಲು ಇಳಿಸಿ, ಕುತ್ತಿಗೆಯ ಕೆಳಗಿಂದ ಎತ್ತಿಸಿ. ಆಮೇಲೆ ಟ್ರ್ಯಾಕ್ಟರ್‌ನ ಪಾಳಿ: ಕಿತ್ತ ಬುಡ ಸಾಗಿಸೋದು, ಪಲ್ಟಿ ಹೊಡೆಯೋದು, ಮೇಲೆ ಬಂದ ಬೇರು ಆಯ್ದ ಮೇಲೆ ಕುಂಟೆ ಹೊಡೆಯೋದು. ಬಾವಿಯ ಅಂಚು, ಬದುವಿನ ಮೇಲೆ ಗುದ್ದಲಿಯೇ ಗತಿ.

ಆಳುಗಳಿಗೆ ಗಟ್ಟಿ ಬೂಟು ಬೇಕು, ಈ ಮುಳ್ಳು ಚಪ್ಪಲಿ ದಾಟಿ ಬರತ್ತೆ. ಚುಚ್ಚಿದ್ರೆ ಮುರಿದ ತುದಿ ಒಳಗೆ ಉಳೀದ ಹಾಗೆ ನೋಡಿ, ಧನುರ್ವಾಯು ಇಂಜೆಕ್ಷನ್ ತಪ್ಪಿಸ್ಬೇಡಿ.

ಸರಪಳಿ ಕಟ್ಟಿ ಎಳೆಯೋರಿಗೆ

ಬುಡಕ್ಕೆ ಸರಪಳಿ ಕಟ್ಟಿ ಟ್ರ್ಯಾಕ್ಟರ್‌ನಿಂದ ಎಳೆಸೋದು ಎಲ್ಲ ಕಡೆ ಇದೆ. ಇಲ್ಲೇ ಜೀವ ಹೋಗೋದು. ಇಂಜಿನ್ ಹಿಂದಿನ ಗಾಲಿ ತಿರುಗಿಸೋಕೆ ನೋಡತ್ತೆ. ಬುಡ ಬಿಡಲ್ಲ, ಗಾಲಿ ಜಾರಲ್ಲ ಅಂದ್ರೆ ಆ ಬಲ ಎಲ್ಲಿಗೆ ಹೋಗ್ಬೇಕು? ಟ್ರ್ಯಾಕ್ಟರ್‌ನ ಮೈಯೇ ಆಕ್ಸಲ್ ಸುತ್ತ ತಿರುಗತ್ತೆ, ಮೂತಿ ಮೇಲೇಳತ್ತೆ. ಸರಪಳಿಯನ್ನು ಆಕ್ಸಲ್‌ಗೋ ಟಾಪ್ ಲಿಂಕ್‌ಗೋ ಎತ್ತರದಲ್ಲಿ ಕಟ್ಟಿದ್ರೆ ಆ ಎಳೆತವೂ ಹಿಂದಕ್ಕೇ ಮಗುಚತ್ತೆ. ಕ್ಲಚ್ ಒತ್ತೋ ಅಷ್ಟರಲ್ಲಿ ಡ್ರೈವರ್ ಅಡಿಗಿರ್ತಾನೆ. ನಮ್ಮ ಕಡೆ ಬಹಳಷ್ಟು ಟ್ರ್ಯಾಕ್ಟರ್‌ಗಳಿಗೆ ಮಗುಚಿದಾಗ ಕಾಯೋ ಕಬ್ಬಿಣದ ಚೌಕಟ್ಟೂ ಇರಲ್ಲ.

ಎಳೆಸಲೇಬೇಕು ಅಂದ್ರೆ ಕೆಳಗಿನ ಡ್ರಾಬಾರ್‌ಗೇ ಕಟ್ಟಿಸಿ, ನಿಧಾನಕ್ಕೆ ಎಳೆಸಿ, ಜಗ್ಗಿಸಿ ಎಳೆಸ್ಬೇಡಿ. ಸರಪಳಿ ಕಡಿದ್ರೆ ಚಾಟಿಯ ಹಾಗೆ ಬೀಸತ್ತೆ, ಹತ್ತಿರ ಯಾರೂ ನಿಲ್ಲಬಾರದು. ಬುಡ ಅಲುಗದಿದ್ರೆ ಸುತ್ತ ಅಗೆದು ಬೇರು ಕಡಿಸಿ. ದುಡ್ಡು ಕಳಿಸೋರು ನಾವು, ಈ ಒಂದು ಮಾತು ಫೋನ್‌ನಲ್ಲಿ ಹೇಳೋ ಜವಾಬ್ದಾರಿಯೂ ನಮ್ಮದೇ.

ಖರ್ಚು ಅಂದಾಜು

ಬಾಡಿಗೆ ಊರಿಂದೂರಿಗೆ ಬೇರೆ, ಹಾಗಾಗಿ ದರ ಹೇಳಲ್ಲ, ವಿಧಾನ ಹೇಳ್ತೀನಿ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ. 40 ಗುಂಟೆಗೆ ಒಂದು ಎಕರೆ. ತೀರಾ ದಟ್ಟವೂ ಅಲ್ಲದ, ತೆಳುವೂ ಅಲ್ಲದ ಒಂದು ಗುಂಟೆ ಆರಿಸಿ ಅದನ್ನು ಮೊದಲು ಮಾಡಿಸಿ, ಗಡಿಯಾರ ನೋಡಿ. 15 ನಿಮಿಷ ಹಿಡಿದ್ರೆ ಎಕರೆಗೆ 10 ಗಂಟೆ. ಅದನ್ನು ಊರಿನ ಗಂಟೆ ದರಕ್ಕೆ ಗುಣಿಸಿ. ಆ ಗುಂಟೆಯಲ್ಲಿ ಕಿತ್ತ ಬುಡಗಳ ಫೋಟೋ ತರಿಸ್ಕೊಳ್ಳಿ, ಕುತ್ತಿಗೆ ಬಂದಿದೆಯೋ ಇಲ್ಲವೋ ಅಲ್ಲೇ ಗೊತ್ತಾಗತ್ತೆ. ಚೊಕ್ಕ ಹೊಲದ ಫೋಟೋ ಏನನ್ನೂ ಹೇಳಲ್ಲ, ಬುಡದ ಫೋಟೋ ಎಲ್ಲ ಹೇಳತ್ತೆ.

ಮುಂದಿನ ಮೂರು ಮಳೆಗಾಲ

ಗಿಡ ಹೋಯ್ತು, ಬೀಜ ಇದೆ. ಗಟ್ಟಿ ಸಿಪ್ಪೆಯ ಆ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಕಾಯತ್ತೆ, ಉತ್ತ ಮೇಲೆ ಮೊದಲ ಮಳೆಗೆ ಏಳತ್ತೆ. ಸಸಿ ಬೆರಳುದ್ದ ಇರುವಾಗ ಒಂದು ಸಲ ಕುಂಟೆ ಹೊಡೆದ್ರೆ ಸಾಯತ್ತೆ. ಒಂದು ವರ್ಷ ಬಿಟ್ರೆ ಮತ್ತೆ ನೇಗಿಲು, ಎರಡು ಮೂರು ವರ್ಷ ಬಿಟ್ರೆ ಮತ್ತೆ ಜೆಸಿಬಿ.

ಸಿಹಿ ಕಾಯಿ ತಿಂದ ದನಗಳ ಸಗಣಿಯಲ್ಲಿ ಬೀಜ ಜೀವಂತ ಬರತ್ತೆ. ಕಾಯಿ ಉದುರೋ ಕಾಲದಲ್ಲಿ ಗೊಬ್ಬರಕ್ಕೆ ಅಂತ ಹೊಲದಲ್ಲಿ ದನ, ಕುರಿ ನಿಲ್ಲಿಸೋದನ್ನು ಮುಂದಕ್ಕೆ ಹಾಕಿ. ಕಾಯಿಯನ್ನು ಮೇವಿಗೆ ಬಳಸೋದಾದ್ರೆ ಬೀಜ ಸಮೇತ ಬೀಸಿ ಕೊಡಿ.

ಎಳೇ ಸಸಿಗೆ ಬಿಸಿಲು ಬೇಕು. ಸೆಣಬು, ಹುರುಳಿ, ಮೇವಿನ ಜೋಳ ಒತ್ತಾಗಿ ಬಿತ್ತಿದ್ರೆ ನೆರಳಲ್ಲಿ ಅದು ಸೋಲತ್ತೆ. ಆದ್ರೆ ಬಿತ್ತೋರು ಯಾರು? ನಿಜವಾದ ಪ್ರಶ್ನೆ ಇದು. 1974ರ ಭೂಸುಧಾರಣೆಯ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಬೇರೆಯವರ ಕೈಗೆ ಕೊಟ್ರೆ ಹೊಲ ಹೋಗತ್ತೆ ಅನ್ನೋ ಭಯಕ್ಕೆ ಎಷ್ಟೋ ಮನೆಗಳಲ್ಲಿ ಹೊಲ ಬೀಳು ಬಿಡ್ತಾರೆ. ಕಾನೂನಿನ ಕಟ್ಟು ಇರೋದು ಹೌದು. ಹಾಗಾಗಿ ಪಾಲಿಗೆ ಕೊಡೋ ಮುಂಚೆ ವಕೀಲರ ಹತ್ರ ಮಾತಾಡಿ, ಇಲ್ಲಾಂದ್ರೆ ಉಳುಮೆ, ಬಿತ್ತನೆಗೆ ಕೂಲಿ ಕೊಟ್ಟು ನೀವೇ ಮಾಡಿಸಿ. ಲಾಭ ಬರದಿದ್ರೂ ಅದು ಮತ್ತೆ ಜೆಸಿಬಿ ತರಿಸೋದಕ್ಕಿಂತ ಅಗ್ಗ.

ಜೆಸಿಬಿಗೆ ಇಟ್ಟಿರೋ ದುಡ್ಡನ್ನೆಲ್ಲ ಮೊದಲ ವಾರದಲ್ಲೇ ಖರ್ಚು ಮಾಡ್ಬೇಡಿ. ಮೂರು ಮಳೆಗಾಲದ ಕುಂಟೆ, ಬಿತ್ತನೆಗೆ ಎತ್ತಿಡಿ. ಅಷ್ಟು ದುಡ್ಡಿಲ್ಲ ಅಂದ್ರೆ ನಾಲ್ಕು ಎಕರೆ ಬದಲು ಒಂದೇ ಎಕರೆ ಮಾಡಿಸಿ, ಅದನ್ನು ಉಳಿಸ್ಕೊಳ್ಳಿ. ಮುಂದಿನ ವರ್ಷ ಇನ್ನೊಂದು.

ಈ ಬರಹವನ್ನು ಊರಲ್ಲಿ ಹೊಲ ನೋಡ್ಕೊಳ್ಳೋ ಅಣ್ಣನಿಗೋ ಕಾಕಾನಿಗೋ ಕಳಿಸಿ, ದುಡ್ಡು ಕಳಿಸೋ ಮುಂಚೆ.